ಮಕ್ಕಳ ವಾರ್ಡಿನ ಪುಟ್ಟ ಮುಚ್ಚಳಗಳು

ಇಂಗ್ಲೆಂಡಿನಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಆಟಿಕೆ ತಯಾರಿಸುವವರಿಗೆ ಒಂದು ಕಟ್ಟುಪಾಡಿದೆ. ಮಗುವಿನ ಗಂಟಲಿನ ಲೆಕ್ಕದಲ್ಲಿ ಮಾಡಿದ 31.7 ಮಿ.ಮೀ. ವ್ಯಾಸದ ಅಳತೆ ಕೊಳವೆಯೊಳಗೆ ಪೂರ್ತಿ ಹಿಡಿಸುವಂಥ ಬಿಡಿಭಾಗ ಅದರಲ್ಲಿ ಇರಕೂಡದು. ಆಸ್ಪತ್ರೆಯ ಸಾಮಾನಿಗೆ ಆ ಕೊಳವೆಯ ಪರೀಕ್ಷೆಯಿಲ್ಲ, ಅದು ಆಟಿಕೆಯಲ್ಲವಲ್ಲ! ಮಗಳು ಇಲ್ಲಿನ ಮಕ್ಕಳ ವಾರ್ಡಿನಲ್ಲಿದ್ದಾಗ ಅವಳ ಹೊದಿಕೆಯ ಮಡಿಕೆಗಳಿಂದ ನಾನು ಹೆಕ್ಕಿದ್ದು ಸಿರಿಂಜಿನ ತುದಿಯ ಮುಚ್ಚಳ, ಡ್ರಿಪ್ ಕೊಳವೆಯ ತಿರುಪು ಮುಚ್ಚಳ, ಎದೆಗೆ ಅಂಟಿಸುವ ಇಸಿಜಿ ಪಟ್ಟಿಯಿಂದ ಕಿತ್ತ ಪಾರದರ್ಶಕ ಹಾಳೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಅವಳದು.

ಪ್ಲಾಸ್ಟಿಕ್ಕಿನ ತೊಂದರೆಯೆಂದರೆ ಅದು ಸಾಮಾನ್ಯವಾಗಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಶ್ವಾಸನಾಳಕ್ಕೆ ಜಾರಿದರೆ ಬರುವ ಕೆಮ್ಮನ್ನು ಇರುವ ಕಾಯಿಲೆಯದೇ ಕೆಮ್ಮು ಎಂದುಕೊಳ್ಳುವುದು ಸುಲಭ.

ಗುಂಡಿಯಂತೆ ಚಪ್ಪಟೆಯಾದ ಬಟನ್ ಬ್ಯಾಟರಿ ಎಕ್ಸ್-ರೇಯಲ್ಲಿ ಕಾಣುತ್ತದೆ, ಆದರೆ ನಮಗೆ ಸಮಯ ಕೊಡುವುದಿಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಗೋಡೆಯ ಮೂಲಕ ವಿದ್ಯುತ್ ಹರಿದು, ಅಲ್ಲೇ ಕ್ಷಾರ ಹುಟ್ಟಿ, ಎರಡು ಗಂಟೆಯೊಳಗೆ ಆಳವಾಗಿ ಸುಡಬಲ್ಲದು. ಒಡೆದು ಸೋರಬೇಕೆಂದೇನೂ ಇಲ್ಲ. ಥರ್ಮಾಮೀಟರ್, ಸಕ್ಕರೆ ಅಳೆಯುವ ಯಂತ್ರ, ಕಿವಿಯ ಶ್ರವಣ ಸಾಧನ ಎಲ್ಲದರೊಳಗೂ ಇಂಥವು ಇರಬಹುದು. ಶ್ರವಣ ಸಾಧನಗಳ ಬ್ಯಾಟರಿ ಕುರಿತೇ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2019ರ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದ ಎಚ್ಚರಿಕೆ ಹೊರಡಿಸಿತು. ಐದು ವರ್ಷದೊಳಗಿನ ಮಕ್ಕಳಿಗೆ ಕೊಡುವ ಸಾಧನದಲ್ಲಿ ಬ್ಯಾಟರಿಯ ಬಾಗಿಲು ಭದ್ರವಾಗಿ ಮುಚ್ಚಿಕೊಳ್ಳುವಂತಿರಬೇಕು ಎಂಬುದು ಅದರ ತಿರುಳು. ಮೊಮ್ಮಗುವನ್ನು ನೋಡಲು ಬಂದ ಅಜ್ಜ ಮಂಚದ ಮೇಲೆ ಕುಳಿತೇ ತಮ್ಮ ಸಾಧನದ ಬ್ಯಾಟರಿ ಬದಲಿಸುವುದೂ ಅಪಾಯವೇ.

ನಮ್ಮವರಿಗೆ ನರ್ಸ್‌ಗೆ ಏನಾದರೂ ಹೇಳಲು ಸಂಕೋಚ, ನನಗೂ ಇತ್ತು. ಒಬ್ಬರು ಔಷಧ ಕೊಡುವ ಮೊದಲೇ ಮುಚ್ಚಳ ತೆಗೆದು ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಇನ್ನೊಬ್ಬರು ಅವಸರದಲ್ಲಿ ಹಾಸಿಗೆಯ ಮೇಲೇ ಬಿಟ್ಟು ಹೋದರು. ಕರೆದು ಕೈಗಿತ್ತಾಗ ಬೇಸರಪಡಲಿಲ್ಲ. "ಒಳ್ಳೆಯದಾಯಿತು, ಯಾವಾಗ ಕಂಡರೂ ಹೀಗೇ ಹೇಳಿ" ಎಂದರು. ಅಂದಿನಿಂದ ನಾನು ಅವರು ತಂದ ಸಾಮಾನನ್ನೂ ಒಯ್ದ ಸಾಮಾನನ್ನೂ ಲೆಕ್ಕ ಹಾಕತೊಡಗಿದೆ. ನರ್ಸ್‌ಗಳಿಗೆ ನಗು ಬಂದಿರಬಹುದು, ಬರಲಿ.

ಲೆಕ್ಕ ತಪ್ಪಿ, ಮಗು ಜೊಲ್ಲು ಸುರಿಸುತ್ತಿದ್ದರೆ, ಊಟ ಬೇಡವೆಂದರೆ, ಕೆಮ್ಮಿದರೆ ಕೂಡಲೇ ಹೇಳಬೇಕು. ಬ್ಯಾಟರಿ ಕಾಣೆಯಾಗಿದ್ದರೆ ಲಕ್ಷಣಕ್ಕೂ ಕಾಯಬಾರದು. ವಾಂತಿ ಮಾಡಿಸುವುದಂತೂ ಬೇಡ. ಕಾಣೆಯಾದದ್ದು ಪ್ಲಾಸ್ಟಿಕ್ ಚೂರಾದರೆ ಅದೇ ಬಗೆಯ ಇನ್ನೊಂದನ್ನು ವೈದ್ಯರ ಕೈಗೆ ಕೊಡಿ. ಎಕ್ಸ್-ರೇ ತೋರಿಸದ ಆಕಾರವನ್ನು ಅವರು ಹಾಗಾದರೂ ನೋಡಬಹುದು.