ಬಟ್ಟೆ ಒಣಹಾಕೋದು ಎಲ್ಲಿ?

ಭಾವನಿಗೆ ಐವತ್ತು ತುಂಬುವ ಹೊತ್ತಿಗೆ ಒಂದು ಹುಚ್ಚು ಹಿಡಿದಿತ್ತು. ಸಮುದ್ರ ಕಾಣುವ ಹಾಗೆ ಒಂದು ಪುಟ್ಟ ಮನೆ ಬೇಕು. ಅಕ್ಕ-ಭಾವ ಸ್ಪೇನಿನ ಬಾರ್ಸಿಲೋನಾದಲ್ಲಿ ಹನ್ನೆರಡು ವರ್ಷದಿಂದ ಬಾಡಿಗೆ ಫ್ಲ್ಯಾಟಿನಲ್ಲಿದ್ದಾರೆ. ನಾನು ಅಲ್ಲಿಗೆ ಹೋದದ್ದು ಸುಮ್ನೆ ಊರು ಸುತ್ತೋಕೆ. ಮೂರನೇ ದಿನ ಭಾವ, "ನಾಳೆ ಸಮುದ್ರದ ದಡದ ಕದಕೇಸ್‌ಗೆ ಹೋಗಿ ಮನೆ ನೋಡೋಣ, ನೀನೂ ಬಾ" ಅಂದರು. ಮನೆ ನೋಡೋದು ಅಂದರೆ ನನಗೆ ಮೊದಲಿಂದಲೂ ಇಷ್ಟ. ದುಡ್ಡು ನನ್ನದಲ್ಲದಿದ್ದರೆ ಇನ್ನೂ ಇಷ್ಟ.

ಬಸ್ಸಿನಲ್ಲಿ ಹತ್ತಿರ ಹತ್ತಿರ ಮೂರು ಗಂಟೆ. ರೋಸೆಸ್ ಊರಿನ ಕಡೆ ಸಮತಟ್ಟು ಮುಗಿದು ರಸ್ತೆ ಗುಡ್ಡ ಹತ್ತುತ್ತದೆ. ತಿರುವಿನ ಮೇಲೆ ತಿರುವು. ಆಗುಂಬೆ ಘಾಟಿ ನೆನಪಾಯಿತು, ಕಾಡು ಮಾತ್ರ ಇಲ್ಲ. ಗುಡ್ಡದ ತುಂಬ ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಗೋಡೆಗಳು, ಮೆಟ್ಟಿಲು ಮೆಟ್ಟಿಲಾಗಿ. ಒಂದು ಕಾಲಕ್ಕೆ ಅಷ್ಟೂ ದ್ರಾಕ್ಷಿ ತೋಟ. ಹತ್ತೊಂಬತ್ತನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಹುಳ ಬೇರು ತಿಂದು ಬಳ್ಳಿಯನ್ನೆಲ್ಲ ಮುಗಿಸಿತು. ಈಗ ಅಲ್ಲಲ್ಲಿ ಆಲಿವ್ ಮರ ಅಷ್ಟೇ. ಕದಕೇಸಿನ ಎಷ್ಟೋ ಜನ ಕ್ಯೂಬಾಕ್ಕೆ ಹಡಗು ಹತ್ತಿದರು. ಅಲ್ಲಿ ಕಾಸು ಮಾಡಿದವರು ವಾಪಸ್ ಬಂದು ದಡದಲ್ಲಿ ದೊಡ್ಡ ಮನೆ ಕಟ್ಟಿಸಿದರು. ಹೊರಗೆ ದುಡಿದು ಬಂದು ಇಲ್ಲಿ ಮನೆ ಮಾಡೋ ಆಸೆ ನಮ್ಮ ಭಾವನಿಂದ ಶುರುವಾದದ್ದೇನಲ್ಲ.

ಕೊನೆಯ ತಿರುವಿನಲ್ಲಿ ಊರು ಕಂಡಿತು. ಕೊಲ್ಲಿಯ ಸುತ್ತ ಬೆಳ್ಳನೆ ಮನೆಗಳು, ನೆತ್ತಿಯ ಮೇಲೆ ಸಾಂತಾ ಮರಿಯಾ ಚರ್ಚು. ಫೋಟೋದಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿತ್ತು. ಇದು ಅಪರೂಪ. ಬೀದಿಗಳು ಕಡಿದು, ನೆಲಕ್ಕೆ ಕರಿ ಸ್ಲೇಟು ಕಲ್ಲನ್ನು ನಿಲುವಾಗಿ ನೆಟ್ಟಿದ್ದಾರೆ. ಅಕ್ಕ ಚಪ್ಪಲಿ ಬಿಟ್ಟು ಶೂ ಹಾಕಿ ಬಂದದ್ದು ಒಳ್ಳೇದಾಯಿತು. ನವೆಂಬರ್ ತಿಂಗಳು. ಒಂದು ಬೀದಿಯಲ್ಲಿ ಹತ್ತೊಂಬತ್ತು ಬಾಗಿಲು ಎಣಿಸಿದೆ, ಹದಿನಾಲ್ಕಕ್ಕೆ ಬೀಗ. ಎಲ್ಲ ಬೇಸಿಗೆಯ ಮನೆಗಳು.

ಏಜೆಂಟ್ ಹೆಂಗಸು ನಗುತ್ತಾ ಬಂದಳು. ಲಿಫ್ಟ್ ಇಲ್ಲದ ಮೂರನೇ ಮಹಡಿ. ಮೆಟ್ಟಿಲು ಎಷ್ಟು ಕಡಿದು ಅಂದರೆ ಅಟ್ಟ ಹತ್ತಿದ ಹಾಗೆ. ಎರಡು ಕೋಣೆ, ಮರದ ತೊಲೆ, ಹೊಸದಾಗಿ ಬಳಿದ ಸುಣ್ಣ. ಜಾಹೀರಾತಿನಲ್ಲಿ ಕಿಟಕಿ ತುಂಬ ಸಮುದ್ರ ಇತ್ತು. ಇಲ್ಲಿ ನೋಡಿದರೆ ಎರಡು ಮನೆಗಳ ಸಂದಿಯಲ್ಲಿ ಒಂದು ಗೇಣು. ಭಾವ ಆ ಗೇಣಿನ ಮುಂದೆಯೇ ನಿಂತುಬಿಟ್ಟರು. ಅಕ್ಕ ಮಾತ್ರ ಮನೆಯೆಲ್ಲ ಸುತ್ತಿ ಬಂದು ಕೇಳಿದಳು, "ಬಟ್ಟೆ ಒಣಹಾಕೋದು ಎಲ್ಲಿ?"

ಏಜೆಂಟ್ ಹಿಂದಿನ ಕಿಟಕಿ ತೆಗೆದು ಹೊರಗಿದ್ದ ಹಗ್ಗ ತೋರಿಸಿದಳು.

ಬೆಲೆ ಕೇಳಿ ನಾನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿದೆ. ಆ ದುಡ್ಡಿಗೆ ಮೈಸೂರಿನಲ್ಲಿ ಸೈಟು ತಗೊಂಡು, ಮನೆ ಕಟ್ಟಿ, ಗೃಹಪ್ರವೇಶಕ್ಕೆ ಊರೆಲ್ಲ ಕರೆಯಬಹುದು.

ಕೆಳಗೆ ಕಾಫಿ ಕುಡೀತಾ ಭಾವ ಕಾಗದ ಪತ್ರದ ಪಾಠ ಮಾಡಿದರು. ಹೊರದೇಶದವರಿಗೆ ಮೊದಲು ಎನ್ಐಇ ಎಂಬ ನಂಬರು ಬೇಕು, ನಮ್ಮ ಪ್ಯಾನ್ ಕಾರ್ಡಿನ ಹಾಗೆ. ಆಸ್ತಿ ಯಾರ ಹೆಸರಲ್ಲಿದೆ, ಸಾಲ ಇದೆಯಾ ಅಂತ ನೋಡೋಕೆ 'ನೋತಾ ಸಿಂಪ್ಲೆ' ತೆಗೆಸಬೇಕು, ನಮ್ಮ ಇಸಿ (ಋಣಭಾರ ಪತ್ರ) ಇದ್ದಂತೆ. ಆಮೇಲೆ 'ಆರ್ರಾಸ್', ಅಂದರೆ ಅಡ್ವಾನ್ಸ್ ಕರಾರು, ಸಾಮಾನ್ಯವಾಗಿ ಬೆಲೆಯ 10%. ಕೊಳ್ಳುವವರು ಹಿಂದೆ ಸರಿದರೆ ಅದು ಹೋಯಿತು. ಮಾರುವವರು ಕೈಕೊಟ್ಟರೆ ಎರಡರಷ್ಟು ವಾಪಸ್ ಕೊಡಬೇಕು. ಈ ನಿಯಮ ನಮ್ಮಲ್ಲೂ ಇದ್ದಿದ್ದರೆ ಎಷ್ಟು ಜನ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದರೋ! ಕೊನೆಗೆ ನೋಟರಿ ಮುಂದೆ ಸಹಿ. ಹಳೇ ಮನೆಗೆ ಈ ಪ್ರಾಂತ್ಯದ, ಅಂದರೆ ಕ್ಯಾಟಲೋನಿಯಾ ಸರ್ಕಾರದ ತೆರಿಗೆ ಕಡಿಮೆ ಅಂದರೂ 10%, ನೋಟರಿ, ವಕೀಲರ ಖರ್ಚು ಬೇರೆ.

"ಐದು ಲಕ್ಷ ಯೂರೋ ಹಾಕಿದರೆ ವೀಸಾ ಕೊಡ್ತಾರಂತಲ್ಲ ಭಾವ?" ಅಂದೆ. ಅದು 2025ರ ಏಪ್ರಿಲ್ 3ಕ್ಕೇ ನಿಂತುಹೋಯಿತಂತೆ.

"ನೀನೂ ಪಾಲು ಹಾಕು" ಅಂದರು. ಭಾರತದಿಂದ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು, ವಿದೇಶದಲ್ಲಿ ಮನೆ ಕೊಳ್ಳೋಕೂ ಅಡ್ಡಿಯಿಲ್ಲ. ಆದರೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡವಾಗಿ ತೆರಿಗೆ, ಹಿಡಿಯುತ್ತದೆ, ಆಮೇಲೆ ರಿಟರ್ನ್ಸ್‌ನಲ್ಲಿ ಸರಿಹೊಂದಿಸಿಕೊಳ್ಳಬೇಕು. ನಾನು ಕಾಫಿ ಬಿಲ್ಲು ಕೊಟ್ಟು ನನ್ನ ಪಾಲು ಮುಗಿಸಿದೆ.

ಮಧ್ಯಾಹ್ನ ಗುಡ್ಡದಾಚೆಯ ಪೋರ್ಟ್‌ಯಿಗಾತ್‌ಗೆ ನಡೆದೆವು. ಚಿತ್ರಕಾರ ಸಾಲ್ವಡಾರ್ ಡಾಲಿಯ ಮನೆ ಅಲ್ಲಿದೆ. ಮೊದಲೇ ಟಿಕೆಟ್ ಬುಕ್ ಮಾಡಬೇಕು, ಸ್ವಲ್ಪ ಸ್ವಲ್ಪ ಜನರನ್ನೇ ಒಳಗೆ ಬಿಡ್ತಾರೆ. ಚಿತ್ರಕಾರರಿಗೆ ಈ ಊರಿನ ಮೇಲೆ ಮೊದಲಿಂದಲೂ ಕಣ್ಣು. ಪಿಕಾಸೋ 1910ರ ಬೇಸಿಗೆ ಇಲ್ಲೇ ಕಳೆದಿದ್ದ. ಡಾಲಿ ಅಪ್ಪನ ಜೊತೆ ಜಗಳವಾಗಿ ಮನೆಯಿಂದ ಹೊರಬಿದ್ದವನು. 1930ರಲ್ಲಿ ಮೀನುಗಾರರ ಒಂದು ಗುಡಿಸಲು ಕೊಂಡ. ಒಂದೇ ಕೋಣೆ. ದುಡ್ಡು ಬಂದ ಹಾಗೆಲ್ಲ ಪಕ್ಕದ್ದು, ಅದರ ಪಕ್ಕದ್ದು ಅಂತ ಸೇರಿಸುತ್ತಾ ಹೋದ. ಹೀಗೆ ಸುಮಾರು ನಲವತ್ತು ವರ್ಷ! ಅದಕ್ಕೇ ಒಳಗೆ ಒಂದು ಕೋಣೆ ಇನ್ನೊಂದರ ಮಟ್ಟಕ್ಕಿಲ್ಲ. ಎರಡು ಮೆಟ್ಟಿಲು ಹತ್ತು, ನಾಲ್ಕು ಇಳಿ, ಬಗ್ಗು, ತಿರುಗು. ಬಾಗಿಲಲ್ಲಿ ಹುಲ್ಲು ತುಂಬಿದ ಹಿಮಕರಡಿ, ಮಾಡಿನ ಮೇಲೆ ದೊಡ್ಡ ದೊಡ್ಡ ಬಿಳಿ ಮೊಟ್ಟೆಗಳು. ಮಂಚದ ಮೇಲಿಂದಲೇ ಸೂರ್ಯೋದಯ ಕಾಣಲಿ ಅಂತ ಒಂದು ಕನ್ನಡಿ ಇಟ್ಟಿದ್ದಾನೆ. ಹೆಂಡತಿ ಗಾಲಾ 1982ರಲ್ಲಿ ತೀರಿಕೊಂಡ ಮೇಲೆ ಈ ಮನೆ ಬಿಟ್ಟು ಹೋದ.

ಡಾಲಿಯ ಚಿತ್ರಗಳು ನನಗೆ ಅಷ್ಟಕ್ಕಷ್ಟೇ. ಆದರೆ ಆ ಮನೆ ಹಿಡಿಸಿತು. ಅದರಲ್ಲಿ ಬದುಕಿದ್ದು ಕಾಣ್ತಿತ್ತು.

ರಾತ್ರಿ ಅಲ್ಲೇ ಲಾಡ್ಜ್ ಮಾಡಿ ಉಳಿದೆವು. ಬೆಳಗಿನ ಜಾವ ಕಿಟಕಿ ಬಡಿಯುವ ಸದ್ದಿಗೆ ಎಚ್ಚರವಾಯಿತು. ತ್ರಮುಂತಾನ! ಉತ್ತರದಿಂದ ಬರುವ ಗಾಳಿ, ಈ ಸೀಮೆಯಲ್ಲಿ ಅದಕ್ಕೆ ದೊಡ್ಡ ಹೆಸರು. ಆಕಾಶ ತೊಳೆದಿಟ್ಟ ಹಾಗೆ ನೀಲಿ, ಬಿಸಿಲು ಇದೆ, ಆದರೆ ಬೀದಿಯಲ್ಲಿ ನಿಲ್ಲೋಕಾಗಲ್ಲ. ಅಕ್ಕ ಹಟ ಹಿಡಿದು, "ಆ ಮನೆ ಈಗ ಇನ್ನೊಂದ್ಸಲ ನೋಡೋಣ" ಅಂದಳು. ಏಜೆಂಟ್ ನಿನ್ನೆಯಷ್ಟು ನಗಲಿಲ್ಲ. ಒಳಗೆ ಕಾಲಿಟ್ಟರೆ ಕಿಟಕಿಗಳೆಲ್ಲ ಗಡಗಡ. ಹಿಂದಿನ ಗೋಡೆಗೆ ಕೈಯಿಟ್ಟು ನೋಡಿದೆ, ಹೊಸ ಸುಣ್ಣದ ಕೆಳಗೆ ತೇವ. ಹೊರಗಿನ ಹಗ್ಗ ತಂಬೂರಿ ತಂತಿಯಂತೆ ಮಿಡೀತಿತ್ತು. ಭಾವ ಒಂದು ಗೇಣು ಸಮುದ್ರದ ಕಡೆ ಇವತ್ತೂ ನೋಡಿದರು, ಆದರೆ ಬೇಗ ತಿರುಗಿದರು.

ಬಸ್ ಸ್ಟಾಪಿನಲ್ಲಿ 'ತಾಪ್ಸ್' ತಿಂದೆವು. ಬಾಟಲಿ ಬಿರಡೆ ಆಕಾರದ ಮೆತ್ತನೆ ಕೇಕು, ಈ ಊರಿನ ವಿಶೇಷ. ಭಾವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಆ ಹಗ್ಗ ಕಟ್ಟಿದ ಕಿಟಕಿ ಉತ್ತರಕ್ಕಿತ್ತಾ?"

"ಹೌದು ಭಾವ."

"ಹಾಗಿದ್ರೆ ಒಣಹಾಕಿದ ಬಟ್ಟೆ ಹಾರಿ ಬಾರ್ಸಿಲೋನಾಕ್ಕೇ ಬೀಳುತ್ತೆ ಕಣ್ರೀ" ಅಂದಳು ಅಕ್ಕ. "ನಾವು ಅಲ್ಲೇ ಇದ್ರೆ ಎತ್ತಿಟ್ಕೋಬಹುದು."