ಹೊರಗೆ ನಿಲ್ಲಿಸಿದರೆ ಗೆದ್ದವರು ಯಾರು?

ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಶಾಲೆಗಳನ್ನು ಸುತ್ತುವ ಸಂಪನ್ಮೂಲ ಶಿಕ್ಷಕಿ ನಾನು. ವಿಶೇಷ ಅಗತ್ಯವುಳ್ಳ ಮಗುವಿನ ಬಗ್ಗೆ ಶಾಲೆಯವರು ಮೊದಲು ಹೇಳುವುದು ಸಾಮಾನ್ಯವಾಗಿ ‘ತುಂಬಾ ಹಠ, ಮೇಡಂ’ ಎಂದು. ಆಗ ನೋಟ್‌ಬುಕ್ ತೆಗೆದು ಮೂರು ಕಲಂ ಎಳೆಯುತ್ತೇನೆ: ಮೊದಲು ಏನು ನಡೆಯಿತು, ಮಗು ಏನು ಮಾಡಿತು, ಆ ಕೂಡಲೇ ಸುತ್ತಲಿನವರು ಏನು ಮಾಡಿದರು. ನಡುವಿನ ಕಲಂನಲ್ಲಿ ‘ಮೊಂಡುತನ ತೋರಿದ’ ಎಂದು ಬರೆಯುವಂತಿಲ್ಲ. ‘ಸ್ಲೇಟನ್ನು ನೆಲಕ್ಕೆ ಎಸೆದ’ ಎಂದು ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು.

ಸ್ಲೇಟು ಎಸೆಯುತ್ತಿದ್ದವನು ಬೌದ್ಧಿಕ ನ್ಯೂನತೆ ಇರುವ, ಮೂರನೇ ತರಗತಿಯ ಹುಡುಗ. ಎಸೆದಾಗಲೆಲ್ಲ ಮೇಷ್ಟ್ರು ಅವನನ್ನು ಹೊರಗೆ ನಿಲ್ಲಿಸುತ್ತಿದ್ದರು. ಹೊರಗೆ ಜಗಲಿ, ಜಗಲಿಯ ಪಕ್ಕದಲ್ಲೇ ಬಿಸಿಯೂಟದ ಕೋಣೆ. ಅಡುಗೆಯ ಅಜ್ಜಿ ಅವನ ಕೈಗೆ ಒಂದು ಕ್ಯಾರೆಟ್ ತುಂಡು ಕೊಟ್ಟು, ಅವನಿಗೆ ಅರ್ಥವಾಗುವ ಮನೆಯ ತೆಲುಗಿನಲ್ಲಿ ಮಾತನಾಡಿಸುತ್ತಿದ್ದರು. ನನ್ನ ಪುಟಗಳು ತುಂಬುತ್ತಾ ಹೋದಂತೆ ವಿಷಯ ಬಯಲಾಯಿತು. ಹಾಡಿನ ಹೊತ್ತಿನಲ್ಲಿ ಸ್ಲೇಟು ಹಾರುವುದಿಲ್ಲ, ಹುಣಸೆ ಬೀಜ ಎಣಿಸುವಾಗಲೂ ಇಲ್ಲ. ಬೋರ್ಡ್ ನೋಡಿ ನಕಲು ಮಾಡಿ ಎಂದಾಗ ಮಾತ್ರ ಹಾರುತ್ತದೆ.

‘ಎಷ್ಟು ಸಲ ಹೊರಗೆ ನಿಲ್ಲಿಸಿದರೂ ಇವನಿಗೆ ಬುದ್ಧಿ ಬರಲಿಲ್ಲವಲ್ಲ, ಮೇಡಂ’ ಎಂದರು ಮೇಷ್ಟ್ರು.

‘ಬಂದಿದೆ ಸರ್. ಬರೆಯುವುದರಿಂದ ತಪ್ಪಿಸಿಕೊಳ್ಳುವುದು ಹೇಗೆಂದು ಚೆನ್ನಾಗಿ ಕಲಿತಿದ್ದಾನೆ.’

ಡಿ.ಎಡ್. ಓದುವಾಗ ಮನೋವಿಜ್ಞಾನಿ ಸ್ಕಿನ್ನರ್‌ನ ಇಲಿ, ಪಾರಿವಾಳಗಳ ಪ್ರಯೋಗಗಳನ್ನು ಪರೀಕ್ಷೆಗೆಂದು ಉರು ಹೊಡೆದವರೇ ನಾವೆಲ್ಲ. ಯಾವ ವರ್ತನೆಯ ಬೆನ್ನಿಗೆ ಬೇಕಾದದ್ದು ಸಿಗುತ್ತದೆಯೋ ಆ ವರ್ತನೆ ಬಲಗೊಳ್ಳುತ್ತದೆ. ಅದನ್ನೇ ಪುನರ್ಬಲನ ಎಂದು ಬರೆದು ಅಂಕ ಪಡೆದಿದ್ದೆವು. ಬೇಕಾದದ್ದು ಏನೆಂದು ತೀರ್ಮಾನಿಸುವುದು ಮಗು, ಮೇಷ್ಟ್ರಲ್ಲ. ಸಾಮಾನ್ಯವಾಗಿ ಅದು ನಾಲ್ಕರಲ್ಲಿ ಒಂದಾಗಿರುತ್ತದೆ: ಯಾರದಾದರೂ ಗಮನ, ಒಂದು ವಸ್ತು ಅಥವಾ ತಿನಿಸು, ಒಲ್ಲದ ಕೆಲಸದಿಂದ ಬಿಡುಗಡೆ, ಇಲ್ಲವೇ ಆ ಕ್ರಿಯೆಯೇ ಮೈಗೆ ಕೊಡುವ ಹಿತ. ಇದೇ ಹುಡುಗ ಗಮನಕ್ಕಾಗಿ ಎಸೆಯುತ್ತಿದ್ದರೆ ನಮ್ಮ ಉಪಾಯವೇ ಬೇರೆಯಾಗುತ್ತಿತ್ತು.

ಅವನಿಗೆ ಬಿಡುವು ಬೇಕಿತ್ತು. ಹಾಗಾಗಿ ಅದನ್ನು ಕೇಳುವ ಬೇರೆ ದಾರಿ ಕಲಿಸಿದೆವು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಎಂಬ ಮನೋವಿಜ್ಞಾನಿಗಳು 1985ರಲ್ಲಿ ತೋರಿಸಿಕೊಟ್ಟ ಮಾರ್ಗವಿದು. ರಟ್ಟಿನ ಮೇಲೆ ಜಗಲಿಯ ಚಿತ್ರ ಬರೆದು ಅವನ ಡೆಸ್ಕಿಗೆ ಅಂಟಿಸಿದೆ. ಅದನ್ನು ಮುಟ್ಟಿ ತೋರಿಸಿದರೆ ಸ್ವಲ್ಪ ಹೊತ್ತು ಹೊರಗೆ ಕೂರಬಹುದು. ಎಸೆದರೆ ಹೊರಗೆ ಹೋಗುವುದಿಲ್ಲ. ಸ್ಲೇಟು ಎತ್ತಿಕೊಂಡು ಒಂದು ಸಾಲು ಮುಗಿಸಬೇಕು. ನಕಲು ಮಾಡುವ ಪಾಠವನ್ನೂ ಚುಕ್ಕಿ ಸೇರಿಸಿ ಬರೆಯುವ ಒಂದೇ ಸಾಲಿಗೆ ಇಳಿಸಿದೆವು. ‘ಇಡೀ ದಿನ ಇದನ್ನೇ ತೋರಿಸಿದರೆ?’ ಎಂದು ಮೇಷ್ಟ್ರು ಕೇಳಿದರು. ಮೊದಮೊದಲು ತೋರಿಸಿಯೇ ತೋರಿಸಿದ, ಪ್ರತಿ ಸಲವೂ ಬಿಟ್ಟೆವು. ಕೇಳಿದರೆ ಸಿಗುತ್ತದೆ ಎಂಬ ನಂಬಿಕೆ ಕೂತ ಮೇಲೆ ‘ಈ ಸಾಲು ಮುಗಿಸಿ ಹೋಗು’ ಎಂದೆವು. ಆ ಮೇಲೆ ಎರಡು ಸಾಲು.

ಬಹುಮಾನವೆಂದರೆ ಚಿಕ್ಕಿಯೇ ಆಗಬೇಕಿಲ್ಲ. ಇನ್ನೊಂದು ಶಾಲೆಯಲ್ಲಿ, ಚಿಕ್ಕಿಯನ್ನು ಮೂಸಿಯೂ ನೋಡದ ಹುಡುಗಿಯೊಬ್ಬಳು ಶಾಲೆಯ ಗಂಟೆ ಹೊಡೆಯಲು ಸಿಗುತ್ತದೆ ಎಂದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಕೂರುತ್ತಾಳೆ. ಮೇಲಿನ ಗುಂಡಿಗಳನ್ನೆಲ್ಲ ನಾವೇ ಹಾಕಿ ಕೊನೆಯದನ್ನು ಅವಳಿಗೆ ಬಿಡುತ್ತೇವೆ. ಅದು ಸಲೀಸಾದ ಮೇಲೆ ಕೊನೆಯ ಎರಡು. ಹೀಗೆ ಹಿಂದಿನಿಂದ ಮುಂದಕ್ಕೆ ಕಲಿಸಿದರೆ ಕೆಲಸ ಮುಗಿಸಿದ ಖುಷಿ ಪ್ರತಿ ಸಲವೂ ಮಗುವಿನದೇ.

ಕಲಂ ಎಳೆಯುವ ಮೊದಲು ನೋಡಬೇಕಾದ್ದೂ ಇದೆ. ಮಾತು ಬಾರದ ಮಗು ಇದ್ದಕ್ಕಿದ್ದಂತೆ ಕಿವಿಗೆ ಹೊಡೆದುಕೊಳ್ಳಲು ಶುರು ಮಾಡಿದರೆ ಮೊದಲು ವೈದ್ಯರಿಗೆ ತೋರಿಸಿ, ಕಿವಿ ಸೋರುತ್ತಿರಬಹುದು. ಯಾರಿಗೂ ತೊಂದರೆಯಾಗದಂತೆ ಕೈ ಅಲ್ಲಾಡಿಸುವ ಮಗುವನ್ನು ತಡೆಯುವ ಗೊಡವೆಗೇ ನಾನು ಹೋಗುವುದಿಲ್ಲ. ವರ್ತನೆ ತಿದ್ದುವ ಇದೇ ವಿದ್ಯೆಯ ಹೆಸರಿನಲ್ಲಿ 1960ರ ದಶಕದ ಅಮೆರಿಕದಲ್ಲಿ ಆಟಿಸಂ ಇರುವ ಮಕ್ಕಳಿಗೆ ವಿದ್ಯುತ್ ಆಘಾತ ಕೊಟ್ಟದ್ದೂ ಉಂಟು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಇನ್ನೂ ಕೆಲವು ಬೀರುಗಳ ಹಿಂದೆ ಇರುತ್ತದೆ, ಅದು ಬೇರೆ ಮಾತು.

ಮನೆಗಳಲ್ಲಿ ಕಷ್ಟ ಮೊಬೈಲಿನದು. ಅತ್ತಾಗ ಕೊಡುವುದನ್ನು ನಿಲ್ಲಿಸಿದರೆ ಅಳು ತಗ್ಗುವ ಮೊದಲು ಜೋರಾಗುವುದುಂಟು. ಆ ಹೊತ್ತಿನಲ್ಲಿ ಸೋತು ಕೊಟ್ಟರೆ, ಇನ್ನಷ್ಟು ಜೋರಾಗಿ ಅಳಬೇಕು ಎಂಬ ಪಾಠ ಮಾಡಿದಂತೆ. ಹೀಗಾಗಿ ನಮ್ಮ ಕಡೆ ಯಾವಾಗ ಶುರು ಮಾಡುತ್ತೇವೆ ಎಂಬುದೇ ಮುಖ್ಯ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಮೇಲಿನ ಒಂದು ವಾರ ಯಾರಿಗೂ ಉಸಿರಾಡಲು ಬಿಡುವಿಲ್ಲ. ಹುಳು ಒಟ್ಟು ತಿನ್ನುವ ಸೊಪ್ಪಿನಲ್ಲಿ ಶೇ 80ರಷ್ಟು ಆಗಲೇ ಬೇಕು. ಸೊಪ್ಪಿನ ಹೊರೆ ಹೊತ್ತು ಬಂದ ತಾಯಿಗೆ ‘ಅಳಲಿ ಬಿಡಿ’ ಎಂದು ಹೇಳಿ ಬರಲು ನನಗೆ ಬಾಯಿ ಬರುವುದಿಲ್ಲ, ಹೇಳಿದರೂ ನಡೆಯುವುದಿಲ್ಲ. ಅಂಥ ಒಂದು ಮನೆಯಲ್ಲಿ ಗೂಡು ಮಾರುಕಟ್ಟೆಗೆ ಹೋಗುವವರೆಗೂ ಕಾದೆವು. ಮಗ ‘ಕೊಡು’ ಎಂದು ಕೈ ಚಾಚಿ ಕೇಳಿದರೆ ಊಟದ ನಂತರ ಸ್ವಲ್ಪ ಹೊತ್ತು ಮೊಬೈಲ್, ಅತ್ತರೆ ಇಲ್ಲ ಎಂದು ತಂದೆ ತಾಯಿ ಒಪ್ಪಿಕೊಂಡು ಹಾಗೆಯೇ ನಡೆದುಕೊಂಡರು. ಈಗ ಅಳು ಬಹಳ ಕಡಿಮೆಯಾಗಿದೆ. ಅಜ್ಜಿಯ ಹತ್ತಿರವೂ ಒಂದು ಫೋನ್ ಇದೆ ಎಂಬುದು ನನಗೆ ಮೊನ್ನೆ ತಿಳಿಯಿತು. ಅವರ ಜೊತೆ ಮಾತುಕತೆ ನಡೆಯುತ್ತಿದೆ.