ಒರಳಿಗೆ ಬಿದ್ದ ಕಾಗದ

ಜುಲೈ ಎರಡನೆಯ ವಾರದಲ್ಲಿ ನಮ್ಮೂರಿನ ಪ್ರಾಥಮಿಕ ಶಾಲೆಯ ಟೀಚರೊಬ್ಬರು ರವಿಕೆಯ ಅಳತೆ ಕೊಡಲೆಂದು ಮನೆಗೆ ಬಂದಿದ್ದರು. ಹೊಲಿಗೆ ಯಂತ್ರದ ಪಕ್ಕದಲ್ಲಿ ನಾನು ಬೇಸಿಗೆಯಲ್ಲಿ ಮಾಡಿಟ್ಟಿದ್ದ ನಾಲ್ಕೈದು ಹಾಳೆಗಳಿದ್ದವು. ಮಕ್ಕಳ ಹಳೆಯ ನೋಟ್‌ಬುಕ್ಕುಗಳನ್ನು ಹರಿದು, ನೆನೆಸಿ, ಮಿಕ್ಸಿಯಲ್ಲಿ ಅರೆದು, ಬಲೆಯ ಚೌಕಟ್ಟಿನಲ್ಲಿ ಎತ್ತಿ ಬಿಸಿಲಿಗೆ ಒಣಗಿಸಿದ ಹಾಳೆಗಳು ಅವು. ಅಲ್ಲಲ್ಲಿ ಕೆಂಪು, ಹಸಿರು ನೂಲಿನ ಎಳೆಗಳು ಕಾಗದದೊಳಗೇ ಸಿಕ್ಕಿಕೊಂಡಿದ್ದವು. ಟೀಚರ್ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಆಗಸ್ಟ್ ಹದಿನೈದಕ್ಕೆ ಮಕ್ಕಳಿಗೆ ಬಹುಮಾನ ಕೊಡಬೇಕು, ಇದನ್ನೇ ರಟ್ಟಾಗಿ ಹಾಕಿ ಮೂವತ್ತು ಪುಟ್ಟ ಪುಸ್ತಕ ಮಾಡಿಕೊಡ್ತೀರಾ?" ಎಂದು ಕೇಳಿದರು. ಐದು ವಾರ ಸಮಯವಿದೆಯಲ್ಲ ಎಂದುಕೊಂಡು ನಾನು ತಕ್ಷಣ ಒಪ್ಪಿಕೊಂಡೆ. ಕೊಡಗಿನಲ್ಲಿ ಹುಟ್ಟಿ ಬೆಳೆದವಳು ಜುಲೈ ತಿಂಗಳಿನಲ್ಲಿ, ಒಣಗಬೇಕಾದ ಯಾವುದೇ ವಸ್ತುವಿನ ಬಗ್ಗೆ ಹಾಗೆ ಮಾತು ಕೊಡಬಾರದಿತ್ತು.

ನಮ್ಮ ಮನೆ ಮಾದಾಪುರದಿಂದ ಸ್ವಲ್ಪ ಒಳಗೆ, ಕಾಫಿ ತೋಟಗಳ ನಡುವೆ ಇದೆ. ಇಲ್ಲಿ ಮಳೆಯನ್ನು ಇಂದಿಗೂ ಇಂಚಿನ ಲೆಕ್ಕದಲ್ಲೇ ಹೇಳುತ್ತಾರೆ, ಬೆಳಿಗ್ಗೆ ಇಬ್ಬರು ಬೆಳೆಗಾರರು ಎದುರಾದರೆ ಕ್ಷೇಮ ಸಮಾಚಾರಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟು ಇಂಚು?" ಎಂಬ ಪ್ರಶ್ನೆ ಬರುತ್ತದೆ. ಜಿಲ್ಲೆಯ ಕೇಂದ್ರವಾದ ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ನಾವು ಆಟಿ ಎನ್ನುವ, ಕೊಡವರು ಕಕ್ಕಡ ಎನ್ನುವ ತಿಂಗಳಿನಲ್ಲಿ ಚಪ್ಪಲಿಗೆ, ಚರ್ಮದ ಬೆಲ್ಟಿಗೆ, ಗೋಡೆಯ ಮೇಲಿನ ಫೋಟೋದ ಒಳಗೆ, ಎಲ್ಲೆಂದರಲ್ಲಿ ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಒಣಗಿದ ಹಾಳೆಯನ್ನು ನಂಬಿ ನಾನು ಮಳೆಗಾಲದ ಕೆಲಸವನ್ನು ಒಪ್ಪಿಕೊಂಡಿದ್ದೆ.

ಸಾಮಗ್ರಿಗೇನೂ ಕೊರತೆ ಇರಲಿಲ್ಲ. ಹದಿನಾಲ್ಕು ವರ್ಷಗಳಿಂದ ಮನೆಯಲ್ಲೇ ಹೊಲಿಗೆ ಮಾಡುತ್ತಿರುವುದರಿಂದ ಬಟ್ಟೆಯ ಚೂರು ಒಂದು ಮೂಟೆಯಷ್ಟಿತ್ತು. ಅಂಗೈಗಿಂತ ದೊಡ್ಡ ಚೂರನ್ನು ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಚೂರುಗಳೆಲ್ಲ ಒಂದೇ ಅಲ್ಲ ಎಂಬುದು ಹೊಲಿಗೆಯವರಿಗೆ ಗೊತ್ತಿರುತ್ತದೆ. ಅನುಮಾನ ಬಂದಾಗ ಒಂದು ಎಳೆಯನ್ನು ಕಿತ್ತು ಬೆಂಕಿಗೆ ಹಿಡಿಯುತ್ತೇವೆ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಕಾಗದದ ತಿರುಳಿನೊಂದಿಗೆ ಬೆರೆಯುವುದು ಹತ್ತಿಯ ಎಳೆ ಮಾತ್ರ, ಏಕೆಂದರೆ ಹತ್ತಿಯೂ ಕಾಗದವೂ ಮೂಲದಲ್ಲಿ ಸೆಲ್ಯುಲೋಸ್ ನಾರೇ. ಪಾಲಿಯೆಸ್ಟರ್ ಎಳೆ ನೀರನ್ನು ಕುಡಿಯದೆ ಹಾಳೆಯ ಮೇಲೆ ನೆಂಟನ ಹಾಗೆ ಕುಳಿತಿದ್ದು, ಒಣಗಿದ ಮೇಲೆ ಉಗುರಿಗೆ ಸಿಕ್ಕಿ ಎದ್ದುಬರುತ್ತದೆ.

ಕಾಗದದಲ್ಲಿಯೂ ಹೀಗೆಯೇ ಜಾತಿಗಳಿವೆ. ದಿನಪತ್ರಿಕೆಯ ಕಾಗದವನ್ನು ಮರವನ್ನು ಯಂತ್ರದಲ್ಲಿ ಅರೆದು ಮಾಡಿರುತ್ತಾರೆ. ಅದರಲ್ಲಿ ಮರದ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಉಳಿದಿರುವುದರಿಂದ ಬಿಸಿಲಿಗೆ ಹಳದಿಯಾಗುತ್ತದೆ, ನಾರೂ ಮೋಟು. ಬರೆಯುವ ನೋಟ್‌ಬುಕ್ಕಿನ ಕಾಗದದಲ್ಲಿ ನಾರು ಗಟ್ಟಿಯಾಗಿರುತ್ತದೆ. ನಾನು ಮೂರು ಪಾಲು ನೋಟ್‌ಬುಕ್ಕಿಗೆ ಒಂದು ಪಾಲು ಪತ್ರಿಕೆ ಎಂದು ತೂಗಿ ಇಟ್ಟುಕೊಂಡೆ. 80 ಜಿಎಸ್‌ಎಂನ, ಎಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ, ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ನನ್ನ ಚೌಕಟ್ಟಿನ ಒಂದು ಹಾಳೆ ರಟ್ಟಿನಷ್ಟು ದಪ್ಪ ಬರಲು ಅಂಥ ಮೂರು ಹಾಳೆ ಬೇಕು. ಎಲ್ಲ ಸೇರಿ ಅರ್ಧ ಕೆಜಿಯಷ್ಟೂ ಆಗದ ಈ ಕಾಗದ ನನ್ನ ಒಂದು ತಿಂಗಳನ್ನು ನುಂಗಿತು.

ಚೌಕಟ್ಟು ಎಂದರೆ, ಗೆದ್ದಲು ತಿಂದು ಗಾಜು ಕಳೆದುಕೊಂಡ ಹಳೆಯ ಫೋಟೋ ಫ್ರೇಮಿಗೆ ನೈಲಾನ್ ಸೊಳ್ಳೆ ಪರದೆಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದದ್ದು, ಒಳ ಅಳತೆ 9×13 ಇಂಚು. ಟಬ್ಬಿನ ನೀರಿನಲ್ಲಿ ತಿರುಳನ್ನು ಕದಡಿ, ಚೌಕಟ್ಟನ್ನು ಓರೆಯಾಗಿ ಮುಳುಗಿಸಿ, ಒಳಗೆ ಮಟ್ಟಸವಾಗಿ ತಿರುಗಿಸಿ ಮೇಲಕ್ಕೆತ್ತಬೇಕು. ನೀರು ಸೋರುವ ಆ ನಾಲ್ಕೈದು ಕ್ಷಣಗಳಲ್ಲಿ, ಜರಡಿ ಆಡಿಸಿದ ಹಾಗೆ ಎಡಬಲಕ್ಕೂ ಹಿಂದುಮುಂದಕ್ಕೂ ಮೆಲ್ಲನೆ ಅಲುಗಿಸಿದರೆ ನಾರುಗಳು ಒಂದರ ಮೇಲೊಂದು ಅಡ್ಡಡ್ಡ ಬಿದ್ದು ಹೆಣೆದುಕೊಳ್ಳುತ್ತವೆ. ಯಂತ್ರದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಪತ್ರಿಕೆಯನ್ನು ಒಂದು ಕಡೆಯಿಂದ ಹರಿದರೆ ನೇರವಾಗಿ ಸೀಳಿ, ಇನ್ನೊಂದು ಕಡೆಯಿಂದ ಹರಿದರೆ ಸೊಟ್ಟಸೊಟ್ಟಾಗಿ ಹೋಗುವುದು ಅದಕ್ಕೇ. ಅಲುಗಿಸಿ ಎತ್ತಿದ ಹಾಳೆಯನ್ನು ಹಳೆಯ ಪಂಚೆಯ ತುಂಡಿನ ಮೇಲೆ, ನೀರ್‌ದೋಸೆ ಮಗುಚುವ ಎಚ್ಚರದಿಂದ ಮಗುಚಿ, ಪರದೆಯ ಬೆನ್ನನ್ನು ಸ್ಪಂಜಿನಿಂದ ಒತ್ತಿ ನೀರು ಹೀರಿಸಿ, ಚೌಕಟ್ಟನ್ನು ಒಂದು ಮೂಲೆಯಿಂದ ಎಬ್ಬಿಸಬೇಕು.

ಮೊದಲ ದಿನವೇ ಅಪಶಕುನವಾಯಿತು. ಬೇಸಿಗೆಯಲ್ಲಿ ನೂಲಿನ ಎಳೆಗಳನ್ನು ಟಬ್ಬಿಗೆ ಉದುರಿಸಿದ್ದೆ. ಈ ಬಾರಿ ಕೆಲಸ ಬೇಗ ಮುಗಿಯಲಿ ಎಂದು ಎಂಬ್ರಾಯ್ಡರಿ ನೂಲಿನ ಸಿಕ್ಕನ್ನೇ ತಿರುಳಿನ ಜೊತೆಗೆ ಮಿಕ್ಸಿ ಜಾರಿಗೆ ಹಾಕಿದೆ. ಎರಡನೆಯ ಸುತ್ತಿಗೆ ಜಾರು ಗೊರಗುಟ್ಟಿ ನಿಂತಿತು, ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ನೂಲು ಬ್ಲೇಡಿನ ಬುಡಕ್ಕೆ ಬುಗುರಿಯ ಚಾಟಿಯಂತೆ ಸುತ್ತಿಕೊಂಡಿತ್ತು. ಚಿಕ್ಕ ಕತ್ತರಿಯ ತುದಿಯಿಂದ ಎಳೆ ಎಳೆಯಾಗಿ ಬಿಡಿಸಲು ಒಂದು ಗಂಟೆ ಹಿಡಿಯಿತು. ಅರ್ಧ ಇಂಚಿಗಿಂತ ಉದ್ದದ ನೂಲನ್ನು ತಿರುಳಿಗೆ ಹಾಕಬಾರದು, ಹಾಕುವುದಾದರೂ ಅರೆದಾದ ಮೇಲೆ ಟಬ್ಬಿಗೇ ಹಾಕಬೇಕು ಎಂಬ ಪಾಠಕ್ಕೆ ನಾನು ಕೊಟ್ಟ ಶುಲ್ಕ ಅದು. ಅಷ್ಟರಲ್ಲಿ ನನ್ನವರು ಬಾಗಿಲಲ್ಲಿ ನಿಂತು, "ನಾಳೆ ಚಟ್ನಿಯಲ್ಲಿ ಯಾವ ಬಣ್ಣದ ನೂಲು?" ಎಂದು ಕೇಳಿ ಹೋದರು.

ಹೇಗೋ ನಾಲ್ಕು ದಿನಗಳಲ್ಲಿ ಹದಿನಾಲ್ಕು ಹಾಳೆಗಳಾದವು. ಗಟ್ಟಿಯಾಗಲಿ ಎಂದು ತಿರುಳಿಗೆ ಮೈದಾ ಗಂಜಿಯನ್ನು ಧಾರಾಳವಾಗಿ ಕಲಸಿದ್ದೆ. ಜಗಲಿಯಲ್ಲಿ ಹಗ್ಗ ಕಟ್ಟಿ ಪಂಚೆಯ ತುಂಡುಗಳ ಸಮೇತ ಹಾಳೆಗಳನ್ನು ತೂಗುಹಾಕಿದೆ. ಮೂರನೆಯ ದಿನ ಮುಟ್ಟಿ ನೋಡಿದಾಗಲೂ ತಣ್ಣಗಿದ್ದವು. ಐದನೆಯ ದಿನ ಅಂಚುಗಳಲ್ಲಿ ಬೂದು ಬಣ್ಣದ ಚುಕ್ಕಿಗಳು ಕಾಣಿಸಿದವು, ಆರನೆಯ ದಿನ ಅವು ಹಸಿರಾದವು. ಬೂಷ್ಟಿಗೆ ಬೇಕಾದ ಊಟವನ್ನು ಮೈದಾ ರೂಪದಲ್ಲಿ ನಾನೇ ಬಡಿಸಿಟ್ಟಿದ್ದೆನಲ್ಲ! ಚೆನ್ನಾಗಿದ್ದ ಒಂದೆರಡನ್ನು ಇಸ್ತ್ರಿ ಮಾಡಿ ಒಣಗಿಸಿ ರಟ್ಟಿಗೆಂದು ಮಡಿಸಿದರೆ, ಮಡಿಕೆಯ ಉದ್ದಕ್ಕೂ ಹಪ್ಪಳದ ಹಾಗೆ ಬಿರುಕು ಬಿಟ್ಟಿತು. ಬೇಸಿಗೆಯ ಹಾಳೆಗಳನ್ನು ನಾನು ಒಮ್ಮೆಯೂ ಮಡಿಸಿ ನೋಡಿರಲಿಲ್ಲ ಎಂಬುದು ಆಗ ನೆನಪಾಯಿತು.

ಹಿಂದಿನ ಕಾಲದ ಪುಸ್ತಕ ಕಟ್ಟುವವರು ಹುಳ ಬೀಳದಂತೆ ಅಂಟಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುತ್ತಿದ್ದರು. ನಮ್ಮಲ್ಲಿ ಅದಕ್ಕೇನೂ ಬರವಿಲ್ಲ. ಗಿಡಗಳಿಗೆ ರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಪ್ರತಿ ಬೆಳೆಗಾರರ ಮನೆಯಲ್ಲಿಯೂ ಮೈಲುತುತ್ತ, ಸುಣ್ಣ ಇದ್ದೇ ಇರುತ್ತದೆ. ಒಂದು ಚಿಟಿಕೆ ಹಾಕಿದರೆ ಹೇಗೆ ಎಂಬ ಯೋಚನೆ ಬಂದದ್ದು ನಿಜ. ಆದರೆ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುವ ಮಕ್ಕಳ ಕೈಗೆ ಹೋಗುವ ಪುಸ್ತಕ ಇದು, ಮೈಲುತುತ್ತ ವಿಷ. ಆ ಡಬ್ಬವನ್ನು ಮುಟ್ಟಲಿಲ್ಲ.

ಜುಲೈ ಕೊನೆಯ ವಾರದಲ್ಲಿ ಗಾಳಿಮಳೆಗೆ ಸಿಲ್ವರ್ ಓಕ್ ಮರವೊಂದು ಕರೆಂಟಿನ ತಂತಿಯ ಮೇಲೆ ಬಿದ್ದು ನಾಲ್ಕು ದಿನ ಮನೆ ಕತ್ತಲಾಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದುದನ್ನು ಕಂಡ ನಮ್ಮ ಕಡೆಯವರಿಗೆ ಅಂಥ ರಾತ್ರಿಗಳಲ್ಲಿ ನಿದ್ದೆ ಸರಿಯಾಗಿ ಬರುವುದಿಲ್ಲ. ಏನಾದರೂ ಕೈಕೆಲಸ ಹಿಡಿದು ಕೂರುವುದೇ ವಾಸಿ. ಮಿಕ್ಸಿಯಿಲ್ಲ, ನೆನೆಸಿದ ಕಾಗದ ಮಾತ್ರ ಬಕೆಟ್ಟಿನಲ್ಲಿ ಕೊಳೆಯುತ್ತಿದೆ. ನಾನು ಪೇಚಾಡುವುದನ್ನು ನೋಡಿ ಅತ್ತೆ ಹಿತ್ತಿಲ ಕಡೆಯ ಚಾವಡಿಯಲ್ಲಿದ್ದ ಒರಳುಕಲ್ಲನ್ನು ತೊಳೆಯತೊಡಗಿದರು.

ಅತ್ತೆಯ ತವರು ಅರಕಲಗೂಡಿನ ಕಡೆ. ಹಳೆಯ ಮೊರ, ಬುಟ್ಟಿಗಳ ಸಂದು ಬಿಟ್ಟುಕೊಂಡಾಗ ಅವರ ಅವ್ವ ಕಾಗದವನ್ನು ಎರಡು ದಿನ ನೆನೆಸಿ, ಒಂದು ಹಿಡಿ ಮೆಂತ್ಯವನ್ನೂ ನೆನೆಸಿ, ಎರಡನ್ನೂ ಒಟ್ಟಿಗೆ ರುಬ್ಬಿ ಮೊರಕ್ಕೆ ಬಳಿಯುತ್ತಿದ್ದರಂತೆ. ಮಡಕೆಯನ್ನು ಬೋರಲು ಹಾಕಿ, ಅದರ ಮೇಲೆ ಅದೇ ಹಿಟ್ಟನ್ನು ಮೆತ್ತಿ ಒಣಗಿಸಿ ಕಾಗದದ ಬುಟ್ಟಿಯನ್ನೂ ಮಾಡುತ್ತಿದ್ದರಂತೆ. ನಾನು ಇದನ್ನು ಕೇಳಿರಲಿಲ್ಲವೆಂದಲ್ಲ, ಆದರೆ ಹಾಳೆ ಮಾಡುವುದಕ್ಕೂ ಮೊರ ಬಳಿಯುವುದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. "ಮೈದಾ ಯಾಕೆ ಸುರೀತೀಯ? ಹಿಟ್ಟು ನುಣ್ಣಗಾಗೋದಲ್ಲ ಮುಖ್ಯ, ಜಜ್ಜಬೇಕು. ಜಜ್ಜಿದಷ್ಟೂ ಕಾಗದ ತಾನೇ ಅಂಟು ಬಿಡುತ್ತೆ" ಎಂದು ಹೇಳಿ ಗುಂಡುಕಲ್ಲನ್ನು ತಿರುಗಿಸಲು ಕುಳಿತರು. ಇಡ್ಲಿ ಹಿಟ್ಟಿಗಿಂತ ಎರಡು ಪಟ್ಟು ಹೊತ್ತು ರುಬ್ಬಿದ ಮೇಲೆ ಒಂದು ಹನಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ, ಗುಡ್ಡೆಯಾಗಿ ಮುಳುಗದೆ ಮಂಜಿನಂತೆ ಹರಡಿದಾಗ "ಈಗ ಆಯ್ತು" ಎಂದರು.

ಆ ಮಾತಿನಲ್ಲಿ ಎಷ್ಟು ಲೆಕ್ಕವಿದೆ ಎಂಬುದು ನನಗೆ ಆಮೇಲೆ ಓದಿ ತಿಳಿಯಿತು. ಕಾಗದದ ಹಾಳೆ ನಿಲ್ಲುವುದು ಮುಖ್ಯವಾಗಿ ಅಂಟಿನಿಂದಲ್ಲ. ನಾರುಗಳು ನೀರಿನಲ್ಲಿ ಜಜ್ಜಿಸಿಕೊಂಡಾಗ ಅವುಗಳ ಮೈಯಿಂದ ಕೂದಲಿನಂತಹ ಸಣ್ಣ ಎಳೆಗಳು ಬಿಚ್ಚಿಕೊಳ್ಳುತ್ತವೆ, ಒಣಗುವಾಗ ಆ ಎಳೆಗಳು ಪಕ್ಕದ ನಾರಿಗೆ ಹತ್ತಿರವಾಗಿ, ಸೆಲ್ಯುಲೋಸಿನ ಹೈಡ್ರೋಜನ್ ಬಂಧಗಳಿಂದ ಕಚ್ಚಿಕೊಳ್ಳುತ್ತವೆ. ಮಿಕ್ಸಿಯ ಬ್ಲೇಡು ಹೊತ್ತು ಹೆಚ್ಚಾದಂತೆಲ್ಲ ನಾರನ್ನು ಕತ್ತರಿಸಿ ಮೋಟು ಮಾಡುತ್ತದೆ, ಕಲ್ಲು ಅದನ್ನು ಜಜ್ಜಿ ಬಿಡಿಸುತ್ತದೆ. ಮೊದಲೇ ಒಮ್ಮೆ ಕಾಗದವಾಗಿ ಬಂದ ನಾರು, ಮತ್ತೆ ಕಾಗದವಾದಾಗಲೆಲ್ಲ ಇನ್ನಷ್ಟು ಬಡವಾಗುತ್ತಾ ಹೋಗುತ್ತದೆ. ಅಂಥದ್ದನ್ನು ಕತ್ತರಿಸಿ ಹಾಕಿದರೆ ಮಡಿಕೆಯಲ್ಲಿ ಬಿರುಕು ಬಿಡದೆ ಇನ್ನೇನು ಮಾಡೀತು? ಮೆಂತ್ಯದ ಲೋಳೆಯದು ಇನ್ನೊಂದು ಉಪಕಾರ. ನಾರುಗಳು ಟಬ್ಬಿನಲ್ಲಿ ಗಂಟುಗಟ್ಟದೆ ತೇಲಾಡುತ್ತವೆ, ನೀರು ಪರದೆಯಿಂದ ನಿಧಾನವಾಗಿ ಇಳಿಯುವುದರಿಂದ ಅಲುಗಿಸಲು ಸಮಯ ಸಿಗುತ್ತದೆ. ಜಪಾನಿನ ಕಾಗದಗಾರರು ಇದೇ ಕೆಲಸಕ್ಕೆ ಬೆಂಡೆಯ ಬಳಗದ ಒಂದು ಗಿಡದ ಬೇರಿನ ಲೋಳೆಯನ್ನು ಬಳಸುತ್ತಾರೆ. ಅತ್ತೆಗೆ ಇದನ್ನು ಹೇಳಿದಾಗ, "ಅವರ ಕಡೆ ಮೆಂತ್ಯ ಸಿಗಲ್ಲವೇನೋ" ಎಂದುಬಿಟ್ಟರು.

ಒಣಗಿಸುವ ಪ್ರಶ್ನೆ ಉಳಿದಿತ್ತು. ಪಂಚೆಯ ತುಂಡುಗಳ ನಡುವೆ ಹಾಳೆಗಳನ್ನು ಒಂದರ ಮೇಲೊಂದು ಅಡುಕಿ, ಮೇಲೆ ಮಣೆಯಿಟ್ಟು, ಮಣೆಯ ಮೇಲೆ ಗುಂಡುಕಲ್ಲನ್ನೇ ಇಟ್ಟೆವು. ಬೆಳಗಾಗುವಷ್ಟರಲ್ಲಿ ಅರ್ಧ ನೀರು ಇಳಿದಿತ್ತು. ಅಲ್ಲಿಂದ ಒಲೆಯ ಮೇಲಿನ ಅಟ್ಟಕ್ಕೆ. ಮಳೆಗಾಲದಲ್ಲಿ ಸೌದೆಯನ್ನೂ ಏಲಕ್ಕಿಯನ್ನೂ ಒಣಗಿಸುವ ಆ ಬಿದಿರಿನ ತಟ್ಟಿಯ ಮೇಲೆ ಒಂದು ಸಲಕ್ಕೆ ಆರು ಹಾಳೆ ಹಿಡಿಯುತ್ತಿದ್ದವು. ಒಂದು ಹಗಲು ಒಂದು ರಾತ್ರಿ ಅಲ್ಲಿದ್ದು ಮುಕ್ಕಾಲು ಒಣಗಿದ ಹಾಳೆಯನ್ನು, ಬಟ್ಟೆ ಹೊದಿಸಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಿಂದ ಉಜ್ಜಿದರೆ ಚಪ್ಪಟೆಯಾಗಿ ಗರಿಗರಿಯಾಗುತ್ತಿತ್ತು. ಹೊಗೆಯಿಂದ ಹಾಳೆಗೆ ಹಾಲು ಹೆಚ್ಚಾದ ಕಾಫಿಯ ಬಣ್ಣ ಬಂತು. ಆಗಸ್ಟ್ 3ರಂದು, ಕಕ್ಕಡ ಹದಿನೆಂಟರ ದಿನ, ನೆರೆಮನೆಯ ಕೊಡವ ಅಕ್ಕ ಕೊಟ್ಟ, ಆ ದಿನ ಪಾಯಸ ಮಾಡುವ ಮದ್ದುಸೊಪ್ಪನ್ನು ಅತ್ತೆ ಬೇಯಿಸುತ್ತಿದ್ದಾಗ ಪಾತ್ರೆಯಲ್ಲಿ ಬಿಟ್ಟ ನೇರಳೆ ಬಣ್ಣವನ್ನು ಕಂಡು, ಒಂದು ಲೋಟ ನನ್ನ ಟಬ್ಬಿಗೆ ಕೊಡಿ ಎಂದು ಕೇಳಿದೆ. ಪಾಯಸಕ್ಕೇ ಸಾಲದು ಎಂದು ಕೊಡಲಿಲ್ಲ.

ಒಣಗಿದ ಮೊದಲ ಹಾಳೆಯನ್ನು ಮಡಿಸಿದ್ದು ಅತ್ತೆಯೇ. ಉಗುರಿನಿಂದ ಗೆರೆ ಎಳೆದು ಮಡಿಸಿದರು, ಬಿಚ್ಚಿದರು, ಹಿಂದುಮುಂದಾಗಿ ಮತ್ತೆ ಮಡಿಸಿದರು. ಮಡಿಕೆಯಲ್ಲಿ ಮೇಲ್ಮೈ ಸ್ವಲ್ಪ ನವಿರೆದ್ದಿತೇ ಹೊರತು ಸೀಳಲಿಲ್ಲ.

ಒಳಗಿನ ಪುಟಗಳಿಗೆ ಕಳೆದ ವರ್ಷದ ನೋಟ್‌ಬುಕ್ಕುಗಳಲ್ಲಿ ಬರೆಯದೆ ಉಳಿದ ಜೋಡಿಹಾಳೆಗಳನ್ನು ಟೀಚರ್ ಶಾಲೆಯ ಮಕ್ಕಳಿಂದಲೇ ತರಿಸಿಕೊಟ್ಟಿದ್ದರು. ಪುಸ್ತಕಕ್ಕೆ 12 ಜೋಡಿ, ಎಂದರೆ 48 ಪುಟ. ಒಂದು ಗೆರೆಯದು, ನಾಲ್ಕು ಗೆರೆಯದು, ಚೌಕುಳಿಯದು ಎಲ್ಲವೂ ಬೆರೆತವು. ಬೇರ್ಪಡಿಸುವ ವ್ಯವಧಾನ ನನಗಿರಲಿಲ್ಲ. ಬೆನ್ನಿಗೆ ಒಂದೂವರೆ ಇಂಚಿನ ಹತ್ತಿ ಬಟ್ಟೆಯ ಪಟ್ಟಿಯನ್ನು ಅಂಟಿಸಿ, ಮಡಿಕೆಯ ಮೇಲೆ ದಬ್ಬಳದಿಂದ ಐದು ತೂತು ಮಾಡಿ, ನಡುವಿನ ತೂತಿನಿಂದ ಹೊರಟು ಎರಡೂ ತುದಿ ಮುಟ್ಟಿ ನಡುವಿಗೇ ಮರಳುವಂತೆ ಹೊಲಿದೆ. ನೂಲನ್ನು ಪ್ರತಿ ಸಲವೂ ಜೇನುಮೇಣದ ಉಂಡೆಯ ಮೇಲೆ ಎಳೆದುಕೊಳ್ಳುತ್ತಿದ್ದೆ. ತೋಟದ ತುಡುವೆ ಜೇನಿನ ಪೆಟ್ಟಿಗೆಯಿಂದ ಬಂದ ಮೇಣ ಅದು. ಮೇಣ ಹಿಡಿದ ನೂಲು ಸಿಕ್ಕಾಗುವುದಿಲ್ಲ, ತೇವವನ್ನೂ ಹೀರುವುದಿಲ್ಲ, ಗಂಟು ಹಾಕಿದರೆ ಜಾರುವುದಿಲ್ಲ. ಬೆನ್ನಿನ ಪಟ್ಟಿಗಳಲ್ಲಿ ಊರಿನ ಅರ್ಧ ಜನರ ರವಿಕೆಗಳಿದ್ದವು. ಟೀಚರ್ ತಮ್ಮದೇ ನೀಲಿ ಚುಕ್ಕೆಯ ರವಿಕೆಯ ಚೂರನ್ನು ಗುರುತಿಸಿ, "ಅಳತೆಗಿಂತ ಇಷ್ಟೊಂದು ಬಟ್ಟೆ ಉಳಿದಿತ್ತೇ?" ಎಂದು ನನ್ನನ್ನು ಪೇಚಿಗೆ ಸಿಕ್ಕಿಸಿದರು.

ಆಗಸ್ಟ್ 13ರ ರಾತ್ರಿಯ ಹೊತ್ತಿಗೆ 24 ಪುಸ್ತಕಗಳು ಮುಗಿದಿದ್ದವು. ಉಳಿದ ಆರಕ್ಕೆ ಸೀರೆಯ ಪೆಟ್ಟಿಗೆಯ ರಟ್ಟಿಗೇ ಬಟ್ಟೆ ಅಂಟಿಸಿ ಕೊಟ್ಟೆ. ನೋಡಲು ಅವೇ ಹೆಚ್ಚು ಚೆನ್ನಾಗಿದ್ದವು ಎಂಬುದನ್ನು ಮುಚ್ಚಿಡುವುದು ಬೇಡ. ಹದಿನೈದರಂದು ಮಳೆಯ ಕಾರಣ ಧ್ವಜಾರೋಹಣ ಮುಗಿಸಿ ಎಲ್ಲರೂ ಜಗಲಿಗೆ ಓಡಿಬಂದೆವು, ಬಹುಮಾನಗಳನ್ನು ಅಲ್ಲೇ ಹಂಚಿದರು. ಮೂರನೆಯ ತರಗತಿಯ ಹುಡುಗನೊಬ್ಬ ಪುಸ್ತಕ ತೆರೆಯುವ ಮೊದಲು ಮೂಗಿಗೆ ಹಿಡಿದು, "ನಮ್ಮ ಅಜ್ಜಿ ಮನೆ ವಾಸನೆ" ಎಂದು ಪಕ್ಕದವನಿಗೂ ಮೂಸಲು ಕೊಟ್ಟ.

ಮುಂದಿನ ವರ್ಷಕ್ಕೆ ಐವತ್ತು ಬೇಕೆಂದು ಟೀಚರ್ ಹೊರಡುವಾಗ ಹೇಳಿದರು. ಮಾರ್ಚಿನಲ್ಲಿ ಕಾಫಿಯೆಲ್ಲ ಮೂಟೆಗೆ ತುಂಬಿ ಕಣ ಖಾಲಿಯಾದ ಮೇಲೆ ಕೇಳಿ ಎಂದೆ. ಮನೆಗೆ ಬಂದು ನೋಡಿದರೆ, ಟಬ್ಬಿನ ತಳದಲ್ಲಿ ಉಳಿದಿದ್ದ ತಿರುಳನ್ನು ಬಟ್ಟೆಯಲ್ಲಿ ಹಿಂಡಿ ತೆಗೆದು ಅತ್ತೆ ಸಂದು ಬಿಟ್ಟ ಮೊರಕ್ಕೆ ಬಳಿದಾಗಿತ್ತು. ಮೊರ ಆಗಲೇ ಅಟ್ಟ ಸೇರಿತ್ತು.